ಅನ್ನ-ಸಾರು, ಹುಣಸೆ, ತೋಟದ ಮದ್ದು: ನಾಯಿಗೆ ಯಾವುದು ವಿಷ, ಎಷ್ಟು ವಿಷ?

ಪ್ರಶ್ನೆ: ನಮ್ಮದು ಅಡಕೆ ತೋಟದ ಮನೆ. ಮೂರು ತಲೆಮಾರಿನಿಂದ ನಾಯಿ ಸಾಕುತ್ತಿದ್ದೇವೆ. ನಮ್ಮ ಊಟವಾದ ಮೇಲೆ ಉಳಿದ ಅನ್ನಕ್ಕೆ ಸಾರು ಕಲಸಿ ಹಾಕುವುದು ರೂಢಿ. ಹಿಂದಿನ ನಾಯಿ ಅದನ್ನೇ ತಿಂದುಕೊಂಡು ಹಲ್ಲು ಉದುರುವವರೆಗೂ ಬದುಕಿತ್ತು. ಈಗ ಬೆಂಗಳೂರಿನಿಂದ ಬಂದಿರುವ ಮಗಳು ಈರುಳ್ಳಿ ವಿಷ, ದ್ರಾಕ್ಷಿ ವಿಷ, ಹುಣಸೆಹಣ್ಣೂ ವಿಷ ಎಂದು ದಿನಕ್ಕೊಂದು ಪಟ್ಟಿ ಓದುತ್ತಾಳೆ. ಈ ಮಧ್ಯೆ ಪಕ್ಕದ ತೋಟದವರ ನಾಯಿ ಏನೋ ತಿಂದು, ಮೈ ನಡುಗಿ, ಕೆಲವೇ ತಾಸಿನಲ್ಲಿ ಸತ್ತುಹೋಯಿತು. ನಿಜಕ್ಕೂ ಹೆದರಬೇಕಾದ್ದು ಯಾವುದಕ್ಕೆ? ತಿಂದೇಬಿಟ್ಟರೆ ಮೊದಲು ಏನು ಮಾಡಬೇಕು?
— ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಮಗಳ ಪಟ್ಟಿಯಲ್ಲಿ ತಪ್ಪಿಲ್ಲ. ಹಿಂದಿನ ನಾಯಿ ಅನ್ನ-ಸಾರು ತಿಂದೇ ಮುದಿಯಾಗಿದ್ದೂ ಸುಳ್ಳಲ್ಲ. ಪಟ್ಟಿಯಲ್ಲಿ ಹೆಸರುಗಳಷ್ಟೇ ಇರುತ್ತವೆ. ಎಷ್ಟು ತಿಂದಿತು, ತಿಂದ ನಾಯಿಯ ತೂಕವೆಷ್ಟು ಎನ್ನುವ ಎರಡು ಲೆಕ್ಕ ಇರುವುದಿಲ್ಲ. ಇಪ್ಪತ್ತೈದು ಕಿಲೋ ತೂಗುವ ಮುಧೋಳ ನಾಯಿ ಅರಗಿಸಿಕೊಂಡದ್ದೇ ಐದು ಕಿಲೋದ ಪೊಮೆರೇನಿಯನ್‌ನ ಪ್ರಾಣಕ್ಕೆ ಬರಬಹುದು. ಹಾಗಾಗಿ ಮನೆಯಲ್ಲಿ ಮೊದಲು ಬರೆದಿಟ್ಟುಕೊಳ್ಳಬೇಕಾದ್ದು ನಿಮ್ಮ ನಾಯಿಯ ತೂಕ. ನೀವು ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ನಿಮ್ಮ ತೂಕ ಕಳೆದರಾಯಿತು.

ಯಾವುದಕ್ಕೆ ಹೆದರಬೇಕು ಎಂದು ಕೇಳಿದ್ದೀರಿ. ಕ್ರಮವಾಗಿ ಹೇಳುವುದಾದರೆ, ಎಲ್ಲಕ್ಕಿಂತ ಮೊದಲು ಬೇರೊಂದು ಜೀವಿಯನ್ನು ಕೊಲ್ಲಲೆಂದೇ ನಾವು ದುಡ್ಡು ಕೊಟ್ಟು ತಂದ ವಸ್ತುಗಳು: ಇಲಿಪಾಷಾಣ, ಬಸವನಹುಳುವಿನ ಮದ್ದು, ಕೀಟನಾಶಕ, ಉಣ್ಣೆಯ ಔಷಧಿ. ಎರಡನೆಯದು ನಮ್ಮ ಮಾತ್ರೆ ಡಬ್ಬಿ. ಮೂರನೆಯದು ಅಡುಗೆಮನೆ. ಅದರ ನಂತರ ಹಿತ್ತಲಿನ ಗಿಡಗಳು. ಸಾರಿನಿಂದಲೇ ಮಾತು ಶುರುವಾಗಿದ್ದರಿಂದ ಅಡುಗೆಮನೆಯನ್ನು ಮೊದಲು ಮುಗಿಸಿಬಿಡೋಣ.

ಈರುಳ್ಳಿ, ಬೆಳ್ಳುಳ್ಳಿ

ಇವುಗಳ ಘಾಟಿಗೆ ಕಾರಣವಾದ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಕೆಡಿಸುತ್ತವೆ. ಕೆಟ್ಟ ಕಣಗಳನ್ನು ದೇಹವೇ ಒಡೆದು ಹಾಕುತ್ತದೆ, ರಕ್ತ ಕಡಿಮೆಯಾಗುತ್ತದೆ. ಮೋಸವಿರುವುದು ಸಮಯದಲ್ಲಿ. ತಿಂದ ದಿನ ನಾಯಿ ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಕೆಲವು ದಿನ ಕಳೆದ ಮೇಲೆ ಸುಸ್ತು, ಬಿಳಿಚಿದ ಒಸಡು, ಏದುಸಿರು, ಕಂದು ಬಣ್ಣದ ಮೂತ್ರ ಕಾಣಿಸಿಕೊಳ್ಳುತ್ತವೆ. ಅಷ್ಟು ಹೊತ್ತಿಗೆ ಭಾನುವಾರದ ಪಕೋಡ ಯಾರ ನೆನಪಿನಲ್ಲೂ ಇರುವುದಿಲ್ಲ.

ಪಶುವೈದ್ಯರು ಇಟ್ಟುಕೊಂಡಿರುವ ಲೆಕ್ಕವೆಂದರೆ, ನಾಯಿಯ ತೂಕದ ಶೇ 0.5ಕ್ಕಿಂತ ಹೆಚ್ಚು ಈರುಳ್ಳಿ ಒಂದೇ ಸಲ ಹೊಟ್ಟೆ ಸೇರಿದರೆ ಅಪಾಯ. ಐದು ಕಿಲೋ ನಾಯಿಗೆ ಇದು 25 ಗ್ರಾಂ, ಎಂದರೆ ಒಂದು ಸಣ್ಣ ಈರುಳ್ಳಿಯ ಅರ್ಧಭಾಗ. ಇಪ್ಪತ್ತೈದು ಕಿಲೋ ನಾಯಿಗೆ 125 ಗ್ರಾಂ. ತೂಕಕ್ಕೆ ತೂಕ ನೋಡಿದರೆ ಬೆಳ್ಳುಳ್ಳಿ ಇನ್ನೂ ಖಡಕ್ಕು. ಬೇಯಿಸಿದರೂ ಹುರಿದರೂ ಒಣಗಿಸಿ ಪುಡಿ ಮಾಡಿದರೂ ಗುಣ ಹೋಗುವುದಿಲ್ಲ.

ನಿಮ್ಮ ಹಳೆಯ ನಾಯಿ ಬಚಾವಾದದ್ದು ಹೇಗೆಂದು ಈಗ ತಿಳಿಯುತ್ತದೆ. ಮನೆಮಂದಿಗೆಲ್ಲ ಮಾಡಿದ ಸಾರಿನ ಒಗ್ಗರಣೆಯಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿ ಇದ್ದರೆ, ನಾಯಿಯ ಪಾಲಿಗೆ ಬಂದದ್ದು ಚೂರುಪಾರು. ಅಪಾಯ ಹೆಚ್ಚಿರುವುದು ಈರುಳ್ಳಿ ಬಜ್ಜಿ, ಕೋಳಿ ಸಾರಿನ ಗಟ್ಟಿ ಮಸಾಲೆ, ಬಿರಿಯಾನಿಯ ಹುರಿದ ಈರುಳ್ಳಿ ಇಂಥವುಗಳಲ್ಲಿ. ಮೂಳೆಯ ಜೊತೆ ಮಸಾಲೆಯನ್ನೂ ಬಳಿದು ಹಾಕುವುದು ನಮ್ಮಲ್ಲಿ ಸಾಮಾನ್ಯ. ಅದನ್ನು ನಿಲ್ಲಿಸಬೇಕು.

ದ್ರಾಕ್ಷಿಯ ಒಗಟು ಹುಣಸೆಗೆ ಬಂದದ್ದು

ಮಗಳು ಹುಣಸೆಯನ್ನೂ ಪಟ್ಟಿಗೆ ಸೇರಿಸಿದ್ದು ನಿಮಗೆ ಅತಿ ಅನಿಸಿರಬಹುದು. ಹುಣಸೆಯಿಲ್ಲದ ಅಡುಗೆಯೇ ಇಲ್ಲದ ನಾಡು ನಮ್ಮದು. ಆದರೆ ಈ ಸುದ್ದಿ ಹುಟ್ಟಿದ ರೀತಿ ಸ್ವಾರಸ್ಯವಾಗಿದೆ.

ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಒಂದೆರಡು ದಿನದಲ್ಲೇ ಸೋಲುವುದನ್ನು ಅಮೆರಿಕದ ಪಶುವೈದ್ಯರು 2001ರ ಹೊತ್ತಿಗೆ ಗುರುತಿಸಿದ್ದರು. ಕಾರಣ ಮಾತ್ರ ಇಪ್ಪತ್ತು ವರ್ಷ ಸಿಗಲಿಲ್ಲ. ಒಂದು ನಾಯಿ ಗೊಂಚಲು ನುಂಗಿಯೂ ಆರಾಮ, ಇನ್ನೊಂದು ಹಿಡಿಯಷ್ಟು ತಿಂದು ಹಾಸಿಗೆ ಹಿಡಿಯಿತು. ಸುಳಿವು ಸಿಕ್ಕಿದ್ದು ದ್ರಾಕ್ಷಿಗೆ ಸಂಬಂಧವೇ ಇಲ್ಲದ ಕಡೆಯಿಂದ. ಮಕ್ಕಳ ಆಟಕ್ಕೆ ಮನೆಯಲ್ಲೇ ಕಲಸಿದ ಹಿಟ್ಟಿನ ಮುದ್ದೆ ತಿಂದ ನಾಯಿಯಲ್ಲೂ ಥೇಟ್ ಅದೇ ಲಕ್ಷಣ ಕಂಡಿತು. ಆ ಹಿಟ್ಟಿಗೆ ಹಾಕಿದ್ದು ಬೇಕರಿಯವರು ಬಳಸುವ ಕ್ರೀಮ್ ಆಫ್ ಟಾರ್ಟರ್, ಅಂದರೆ ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯಲ್ಲೂ ಇರುವುದು ಇದೇ ಆಮ್ಲ. ತಳಿಗೊಂದು, ಹಣ್ಣಾದ ಮಟ್ಟಕ್ಕೊಂದು ಪ್ರಮಾಣ ಇರುವುದರಿಂದಲೇ ಒಂದು ನಾಯಿ ಉಳಿದು ಇನ್ನೊಂದು ಸಾಯುತ್ತಿತ್ತು ಎಂದು ಅಲ್ಲಿನ ಎ.ಎಸ್.ಪಿ.ಸಿ.ಎ. ಸಂಸ್ಥೆಯ ಪ್ರಾಣಿ ವಿಷ ನಿಯಂತ್ರಣ ಕೇಂದ್ರದ ವೈದ್ಯರು 2021ರಲ್ಲಿ ಮುಂದಿಟ್ಟರು. ಅದೇ ಜಾಡು ಹಿಡಿದು ಹೋದಾಗ ಹುಣಸೆ ತಿಂದು ಮೂತ್ರಪಿಂಡ ಕೆಡಿಸಿಕೊಂಡ ನಾಯಿಗಳೂ ಅವರ ದಾಖಲೆಯಲ್ಲಿ ಸಿಕ್ಕವು. ಹುಣಸೆಯ ತಿರುಳಿನಲ್ಲಿ ಈ ಆಮ್ಲ ತೂಕದ ಶೇ 8ರಿಂದ 18ರವರೆಗೆ ಇರುತ್ತದೆ. ದ್ರಾಕ್ಷಿಯಲ್ಲಿರುವುದಕ್ಕಿಂತ ಇದು ಬಹಳ ಹೆಚ್ಚು.

ಹಾಗೆಂದು ನೀರು ಸಾರಿನ ನಾಲ್ಕು ಹನಿ ಬಿದ್ದ ಅನ್ನಕ್ಕೆ ಗಾಬರಿಯಾಗಬೇಕಿಲ್ಲ. ಎಚ್ಚರ ಬೇಕಾದ್ದು ಗಟ್ಟಿ ಹುಣಸೆಯ ಬಗ್ಗೆ: ಪುಳಿಯೋಗರೆ ಗೊಜ್ಜು, ಬೆಲ್ಲ ಹಾಕಿದ ಹುಣಸೆ ತೊಕ್ಕು, ಬೇಸಿಗೆಯಲ್ಲಿ ಬೀಜ ತೆಗೆದು ಚಾಪೆಯ ಮೇಲೆ ಒಣಹಾಕಿದ ಹಣ್ಣು. ದ್ರಾಕ್ಷಿ, ಒಣದ್ರಾಕ್ಷಿಯ ವಿಷಯದಲ್ಲಂತೂ ‘ಇಷ್ಟು ಕೊಡಬಹುದು’ ಎನ್ನುವ ಅಳತೆಯನ್ನು ಯಾವ ವೈದ್ಯರೂ ಹೇಳುವುದಿಲ್ಲ. ಕೇಸರಿಬಾತು, ಪಾಯಸ, ಪ್ರಸಾದದ ದ್ರಾಕ್ಷಿ ಆರಿಸಿ ನಾಯಿಗೆ ಎಸೆಯುವ ಅಭ್ಯಾಸ ಬೇಡ. ತಿಂದ ಮೇಲೆ ವಾಂತಿ, ಮಂಕು, ಆಮೇಲೆ ಮೂತ್ರ ಕಡಿಮೆಯಾಗುವುದು ಕಂಡರೆ ಕಾಯುವ ಮಾತೇ ಇಲ್ಲ.

ಅನ್ನ ಹಾಕುವ ರೂಢಿಯನ್ನೇ ಬಿಡಬೇಕೆಂದಿಲ್ಲ. ಹುಣಸೆ, ಉಪ್ಪು, ಖಾರ, ಒಗ್ಗರಣೆ ಬೀಳುವ ಮೊದಲೇ ಬೇಳೆಕಟ್ಟು ತೆಗೆದಿಟ್ಟು ಅನ್ನಕ್ಕೆ ಕಲಸಿ, ಜೊತೆಗೊಂದು ಬೇಯಿಸಿದ ಮೊಟ್ಟೆ ಹಾಕಿ. ಮಗಳಿಗೂ ತಕರಾರಿರದು, ನಾಯಿಗೂ ಇರದು.

ಚಾಕೊಲೇಟ್, ಕಾಫಿ, ಸಕ್ಕರೆಯಿಲ್ಲದ ಸಿಹಿ

ಚಾಕೊಲೇಟಿನ ಥಿಯೋಬ್ರೋಮಿನ್ ನಮ್ಮ ದೇಹದಿಂದ ಬೇಗ ಹೊರಹೋಗುತ್ತದೆ. ನಾಯಿಯ ದೇಹದಲ್ಲಿ ಅದರ ಅರ್ಧಭಾಗ ಕರಗಲು ಹದಿನೇಳು ತಾಸಿಗೂ ಹೆಚ್ಚು ಹಿಡಿಯುತ್ತದೆ. ಕಿಲೋಗೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಚಡಪಡಿಕೆ. 40–50 ದಾಟಿದರೆ ಎದೆಬಡಿತ ಏರುಪೇರು. 60 ದಾಟಿದರೆ ಫಿಟ್ಸ್. ಹಾಲಿನ ಚಾಕೊಲೇಟಿನಲ್ಲಿ ಗ್ರಾಮಿಗೆ ಸುಮಾರು 2 ಮಿಲಿಗ್ರಾಂ, ಕಪ್ಪು ಚಾಕೊಲೇಟಿನಲ್ಲಿ ಸುಮಾರು 5. ನೂರು ಗ್ರಾಂ ಹಾಲಿನ ಚಾಕೊಲೇಟ್ ತಿಂದ 25 ಕಿಲೋ ನಾಯಿಯ ಲೆಕ್ಕ ಕಿಲೋಗೆ 8 ಬರುತ್ತದೆ. ಬಹುಶಃ ಭೇದಿಯಲ್ಲಿ ಮುಗಿಯುತ್ತದೆ. ಅಷ್ಟೇ ಕಪ್ಪು ಚಾಕೊಲೇಟ್ ತಿಂದ ಐದು ಕಿಲೋ ನಾಯಿಯ ಲೆಕ್ಕ 100. ಅದು ಜೀವಕ್ಕೆ ಕುತ್ತು. ಬೇಕರಿ ಕೆಲಸಕ್ಕೆ ತರುವ ಕೊಕೊ ಪುಡಿ ಇನ್ನೂ ಪ್ರಬಲ.

ಕಾಫಿಯ ಕೆಫೀನ್ ಇದೇ ಜಾತಿಯದು. ಗುಲಾಬಿ ಕುಂಡಕ್ಕೆ ಹಾಕುವ ಕಾಫಿ ಚರಟದಲ್ಲೂ ಕೆಫೀನ್ ಉಳಿದಿರುತ್ತದೆ. ಮಣ್ಣಿನಡಿ ಹೂಳದೆ ಮೇಲೆ ರಾಶಿ ಹಾಕಬೇಡಿ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ‘ಶುಗರ್ ಫ್ರೀ’ ಎಂದಿರುವ ಚ್ಯೂಯಿಂಗ್ ಗಮ್, ಮಿಠಾಯಿ, ಟೂತ್‌ಪೇಸ್ಟ್‌ಗಳ ಮೇಲೆ ‘ಜೈಲಿಟಾಲ್’ ಎಂದಿದೆಯೇ ನೋಡಿ. ನಮಗೆ ನಿರಪಾಯವಾದ ಈ ಸಿಹಿ ನಾಯಿಯ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸುರಿಸುತ್ತದೆ. ಅರ್ಧ ತಾಸಿನಲ್ಲೇ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಬಹುದು. ಕಿಲೋಗೆ 0.1 ಗ್ರಾಂ ಸಾಕು. 0.5 ಗ್ರಾಂ ದಾಟಿದರೆ ಯಕೃತ್ತೂ ಸುರಕ್ಷಿತವಲ್ಲ.

ಮಾತ್ರೆ ಡಬ್ಬಿ

ನಾಯಿ ಕುಂಟುತ್ತಿದೆ, ಮೈ ಬಿಸಿಯಿದೆ, ಒಂದು ಜ್ವರದ ಮಾತ್ರೆ ಕೊಟ್ಟು ನೋಡೋಣ. ಮನೆಯವರ ಕೈಯಾರೆ ವಿಷವಾಗುವುದು ಹೆಚ್ಚಾಗಿ ಹೀಗೆಯೇ. ಮಾತ್ರೆ ಕೊಡುವವರ ಮನಸ್ಸಿನಲ್ಲಿ ಕಾಳಜಿಯೇ ಇರುತ್ತದೆ, ಲೆಕ್ಕ ಇರುವುದಿಲ್ಲ. ಪ್ಯಾರಾಸಿಟಮಾಲ್ ಕಿಲೋಗೆ 100 ಮಿಲಿಗ್ರಾಂ ದಾಟಿದರೆ ನಾಯಿಯ ಯಕೃತ್ತಿಗೆ ಪೆಟ್ಟು. ನಾವು ಜ್ವರಕ್ಕೆ ನುಂಗುವ 650 ಮಿಲಿಗ್ರಾಂನ ಒಂದೇ ಮಾತ್ರೆ ಐದು ಕಿಲೋ ನಾಯಿಗೆ ಕಿಲೋಗೆ 130 ಆಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೆ ಈ ಮಾತ್ರೆಯ ಚೂರನ್ನೂ ತೋರಿಸಬೇಡಿ. ಬೆಕ್ಕಿನ ದೇಹಕ್ಕೆ ಅದನ್ನು ಕರಗಿಸುವ ಶಕ್ತಿಯೇ ಇಲ್ಲವೆನ್ನುವಷ್ಟು ಕಡಿಮೆ.

ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯ ಒಳಪದರದಲ್ಲಿ ಹುಣ್ಣು ಮಾಡಿ, ಪ್ರಮಾಣ ಹೆಚ್ಚಾದರೆ ಮೂತ್ರಪಿಂಡಕ್ಕೂ ಕೈ ಹಾಕುತ್ತವೆ. ಒಂದು ಜೀವಿಗೆ ಮದ್ದಾದದ್ದು ಇನ್ನೊಂದಕ್ಕೆ ಏನಾಗಬಹುದು ಎನ್ನುವುದನ್ನು ನಮ್ಮ ದೇಶ ದೊಡ್ಡ ಬೆಲೆ ತೆತ್ತು ಕಲಿತಿದೆ. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ ಅವುಗಳ ಮೂತ್ರಪಿಂಡ ಕೆಡಿಸಿ, ಆ ಸಂತತಿಯನ್ನೇ ಅಳಿವಿನಂಚಿಗೆ ತಳ್ಳಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ.

ಉಣ್ಣೆಯ ಔಷಧಿಯನ್ನೂ ಇದೇ ಡಬ್ಬಿಗೆ ಸೇರಿಸಿ ಯೋಚಿಸಿ. ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಿಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಾಗಾಗಿ ನಿಮ್ಮ ಸೀಮೆಯವರಿಗೆ ಉಣ್ಣೆ ಎಂದರೆ ಭಯವಿರುವುದು ಸಹಜ. ಆದರೆ ದನಕ್ಕೆ ತಂದ ಔಷಧಿಯನ್ನು ಕಣ್ಣಳತೆಯಲ್ಲಿ ನೀರಿಗೆ ಬೆರೆಸಿ ನಾಯಿಗೆ ಹಚ್ಚುವುದು ಬೇಡ. ಅಮಿಟ್ರಾಜ್ ದ್ರಾವಣ ಗಟ್ಟಿಯಾದರೆ, ಅಥವಾ ಹಚ್ಚಿದ ಮೇಲೆ ನಾಯಿ ಮೈ ನೆಕ್ಕಿದರೆ, ಮಂಪರು ಕವಿದು ಎದೆಬಡಿತ ನಿಧಾನವಾಗುತ್ತದೆ. ಐವರ್ಮೆಕ್ಟಿನ್ ಚುಚ್ಚುಮದ್ದು ಕೋಲಿ ಜಾತಿಯ ಹಲವು ನಾಯಿಗಳಿಗೆ, ಕೆಲವು ಜರ್ಮನ್ ಷೆಫರ್ಡ್‌ಗಳಿಗೆ ಆಗಿಬರುವುದಿಲ್ಲ. ಮಿದುಳಿಗೆ ಔಷಧಿ ನುಗ್ಗದಂತೆ ತಡೆಯುವ ವ್ಯವಸ್ಥೆ ಅವುಗಳಲ್ಲಿ ಹುಟ್ಟಿನಿಂದಲೇ ದುರ್ಬಲವಾಗಿರುತ್ತದೆ. ತಳಿ ಯಾವುದು, ತೂಕ ಎಷ್ಟು ಎಂದು ಕೇಳದೆ ಚುಚ್ಚಲು ಬಂದವರನ್ನು ನೀವೇ ತಡೆದು ಹೇಳಿ.

ತೋಟದ ಮದ್ದು

ಈಗ ಪಕ್ಕದ ತೋಟದ ನಾಯಿಯ ವಿಚಾರ. ನೋಡದೆ, ಪರೀಕ್ಷಿಸದೆ ಇದೇ ಕಾರಣ ಎನ್ನಲಾಗದು. ಆದರೆ ನಡುಕ, ಮೈ ಕೆಂಡವಾಗುವುದು, ಫಿಟ್ಸ್, ಕೆಲವೇ ತಾಸಿನಲ್ಲಿ ಸಾವು ಎಂದರೆ ಯಾವ ಪಶುವೈದ್ಯರಾದರೂ ಮೊದಲು ಕೇಳುವುದು ಬಸವನಹುಳುವಿನ ಮದ್ದು ಮತ್ತು ಕೀಟನಾಶಕದ ಬಗ್ಗೆ.

ಆಫ್ರಿಕನ್ ಬಸವನಹುಳು ಮಳೆಗಾಲದಲ್ಲಿ ಅಡಕೆ, ಕಾಫಿ, ಬಾಳೆ ತೋಟಗಳಿಗೂ ಪೇಟೆಯ ಹಿತ್ತಲಿಗೂ ನುಗ್ಗುತ್ತದೆ. ಅದಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆಯನ್ನು ಹುಳು ಮೂಸಿ ಬರಲೆಂದು ತೌಡಿನಂಥ ತಿನಿಸಿನಲ್ಲೇ ಕಟ್ಟಿರುತ್ತಾರೆ. ಆ ವಾಸನೆಗೆ ನಾಯಿಯೂ ಬರುತ್ತದೆ. ತಿಂದ ಅರ್ಧ ತಾಸಿನಿಂದ ಮೂರು ತಾಸಿನೊಳಗೆ ನಡುಕ ಶುರು. ಬಿಡದೆ ನಡುಗುವ ಸ್ನಾಯುಗಳ ಕಾವಿಗೇ ದೇಹ ಬೇಯುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ನಡುಕ ನಿಲ್ಲಿಸುವ ಔಷಧಿ, ಮೈ ತಣಿಸುವುದು, ಸಲೈನ್ ಇಷ್ಟರಲ್ಲೇ ಉಳಿಸಬೇಕು. ಬೇಗ ತಲುಪಿದರೆ ಉಳಿಯುತ್ತವೆ ಕೂಡ.

ಗುಳಿಗೆಯ ಬದಲು ಒದ್ದೆ ಗೋಣಿಚೀಲ ಹಾಸಿ, ಅದರಡಿ ಪರಂಗಿ ಎಲೆ, ಕೋಸಿನ ಎಲೆ ಇಟ್ಟರೆ ರಾತ್ರಿ ಬಂದು ಸೇರಿದ ಹುಳುಗಳನ್ನು ಬೆಳಿಗ್ಗೆ ಕೈಗವಸು ಹಾಕಿ ಆರಿಸಿ ಉಪ್ಪುನೀರಿಗೆ ಹಾಕಬಹುದು. ಮೈಮುರಿಯುವ ಕೆಲಸ ಹೌದು. ಗುಳಿಗೆಯೇ ಬೇಕೆಂದರೆ ಐರನ್ ಫಾಸ್ಫೇಟ್ ಇರುವುದನ್ನು ಕೇಳಿ ತನ್ನಿ. ಮೆಟಾಲ್ಡಿಹೈಡ್‌ಗೆ ಹೋಲಿಸಿದರೆ ಅದರ ಅಪಾಯ ಬಹಳ ಕಡಿಮೆ. ಹಾಗೆಂದು ಚೀಲವನ್ನು ನಾಯಿಗೆ ಎಟುಕುವಂತೆ ಇಡುವಂತಿಲ್ಲ.

ಕೀಟನಾಶಕಗಳಲ್ಲಿ ಆರ್ಗನೊಫಾಸ್ಫೇಟ್, ಕಾರ್ಬಮೇಟ್ ವರ್ಗದವು ನರಗಳ ಮೇಲೆ ಬೀಳುತ್ತವೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ತಡೆಯಿಲ್ಲದ ಭೇದಿ, ಸೂಜಿಮೊನೆಯಾದ ಕಣ್ಣಪಾಪೆ, ಆಮೇಲೆ ನಡುಕ. ಇದಕ್ಕೆ ಅಟ್ರೋಪಿನ್ ಎಂಬ ಒಳ್ಳೆಯ ಪ್ರತಿವಿಷವಿದೆ, ನಿಮ್ಮೂರಿನ ಪಶು ಆಸ್ಪತ್ರೆಯಲ್ಲೂ ಇರುವಂಥದ್ದು. ಅದಕ್ಕೇ ಡಬ್ಬಿಯ ಮೇಲಿನ ಹೆಸರು ವೈದ್ಯರಿಗೆ ಗೊತ್ತಾಗುವುದು ಮುಖ್ಯ.

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನಗಳಲ್ಲಿ ಮೈಲುತುತ್ತದ ಪೊಟ್ಟಣ, ದ್ರಾವಣ ಉಳಿದ ಡ್ರಮ್ಮು ತೋಟದಲ್ಲೇ ಬಿದ್ದಿರುತ್ತವೆ. ಮೈಲುತುತ್ತ ಹೊಟ್ಟೆಯನ್ನು ಸುಡುತ್ತದೆ, ಮೈಗೇರಿದ ತಾಮ್ರ ಯಕೃತ್ತನ್ನು ಹಿಡಿಯುತ್ತದೆ. ಡ್ರಮ್ಮಿಗೆ ಮುಚ್ಚಳ, ನಾಯಿಗೆ ಅಂಗಳದಲ್ಲೊಂದು ಒಳ್ಳೆಯ ನೀರಿನ ಬಾನಿ, ಇಷ್ಟು ಮಾಡಿದರೆ ಅದು ಅತ್ತ ಬಾಯಿ ಹಾಕುವುದು ಕಡಿಮೆಯಾಗುತ್ತದೆ.

ಹರಳು ಹಿಂಡಿಯ ವಿಚಾರ ಹಲವರಿಗೆ ಹೊಸದು. ಔಡಲ ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಒಳ್ಳೆಯ ಗೊಬ್ಬರ. ಆದರೆ ಬೀಜದ ವಿಷವಾದ ರೈಸಿನ್ ಎಣ್ಣೆಯ ಜೊತೆ ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ. ಸರಿಯಾಗಿ ಕಾಯಿಸಿ ತಯಾರಿಸಿದ್ದರೆ ಮಾತ್ರ ಅದು ನಾಶವಾಗುತ್ತದೆ. ಗುಲಾಬಿ ಬುಡಕ್ಕೆ ಇದರ ಜೊತೆ ಎಲುಬಿನ ಪುಡಿ ಸೇರಿಸಿ ಹಾಕಿದರೆ ನಾಯಿ ಮಣ್ಣು ಕೆದರಿ ತಿನ್ನುತ್ತದೆ. ವಾಂತಿ, ರಕ್ತಭೇದಿ ಶುರುವಾಗುವುದು ತಡವಾಗಿ, ಕೆಲವೊಮ್ಮೆ ಮಾರನೆಯ ದಿನ. ನಾಯಿ ಇರುವ ಮನೆಯಲ್ಲಿ ಕಹಿಯಾದ ಬೇವಿನ ಹಿಂಡಿಯೇ ಲೇಸು.

ಇಲಿಪಾಷಾಣದ ಮೂರು ಮುಖ

ಅಂಗಡಿಯಲ್ಲಿ ‘ಇಲಿ ಮದ್ದು’ ಎಂದರೆ ಸಿಗುವುದು ಒಂದೇ ಅಲ್ಲ. ಯಾವುದನ್ನು ತಿಂದಿದೆ ಎನ್ನುವುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ.

ಬಣ್ಣದ ಬಿಲ್ಲೆಯಾಗಿ ಸಿಗುವ ಬ್ರೊಮಾಡಿಯೊಲೋನ್ ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಮತ್ತೆ ಮತ್ತೆ ಬಳಕೆಗೆ ಬರದಂತೆ ತಡೆಯುತ್ತದೆ. ದೇಹದಲ್ಲಿದ್ದ ದಾಸ್ತಾನು ಮುಗಿಯುವವರೆಗೆ ನಾಯಿ ಸರಿಯಾಗಿಯೇ ಇರುತ್ತದೆ. ಮೂರರಿಂದ ಐದು ದಿನದ ಮೇಲೆ ಮೂಗಿನಲ್ಲಿ ರಕ್ತ, ಕಪ್ಪು ಮಲ, ಎದೆಯೊಳಗೆ ರಕ್ತ ತುಂಬಿ ಏದುಸಿರು. ತಿಂದದ್ದು ಗೊತ್ತಾದ ದಿನವೇ ಕರೆದೊಯ್ದರೆ ಇದು ಸುಲಭವಾಗಿ ಗೆಲ್ಲಬಹುದಾದ ವಿಷ. ವಿಟಮಿನ್ ಕೆ1 ಇದರ ಪ್ರತಿವಿಷ. ಆದರೆ ವಾರಗಟ್ಟಲೆ ಕೊಡಬೇಕು. ನಾಲ್ಕು ದಿನದಲ್ಲಿ ಚೇತರಿಸಿತೆಂದು ಮಾತ್ರೆ ನಿಲ್ಲಿಸಿದರೆ ಮತ್ತೆ ರಕ್ತಸ್ರಾವ.

ಕಪ್ಪು ಪುಡಿಯಾದ ಜಿಂಕ್ ಫಾಸ್ಫೈಡನ್ನು ಕೊಬ್ಬರಿ, ಹಿಟ್ಟು, ಬೆಲ್ಲದಲ್ಲಿ ಕಲಸಿ ಇಡುತ್ತಾರೆ. ಅದು ಹೊಟ್ಟೆಯ ಆಮ್ಲಕ್ಕೆ ಸೇರಿದ ಕೂಡಲೇ ಫಾಸ್ಫೀನ್ ಅನಿಲವಾಗುತ್ತದೆ. ಉಸಿರಿನಲ್ಲಿ ಬೆಳ್ಳುಳ್ಳಿಯೋ ಕೊಳೆತ ಮೀನೋ ಎನ್ನುವಂಥ ವಾಸನೆ ಬರಬಹುದು. ಇದಕ್ಕೆ ಪ್ರತಿವಿಷವಿಲ್ಲ. ಊಟ ಕೊಟ್ಟರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ, ಆದ್ದರಿಂದ ಏನೂ ತಿನ್ನಿಸಬಾರದು. ವಾಂತಿಯಾದಾಗ ಬರುವ ಗಾಳಿ ನಮಗೂ ಅಪಾಯ. ಕಾರಿನಲ್ಲಿ ಒಯ್ಯುವಾಗ ಕಿಟಕಿಗಳೆಲ್ಲ ತೆರೆದಿರಲಿ.

ಮೂರನೆಯದು ಪೇಸ್ಟು. ಹಳದಿ ರಂಜಕವಿರುವ ಈ ಪೇಸ್ಟು ಯಕೃತ್ತನ್ನು ಹಿಡಿಯುತ್ತದೆ. ಮೊದಲ ವಾಂತಿ ನಿಂತು ಒಂದೆರಡು ದಿನ ನಾಯಿ ಸುಧಾರಿಸಿದಂತೆ ಕಂಡು, ಆಮೇಲೆ ಕಾಮಾಲೆ ಕಾಣಿಸಿಕೊಳ್ಳಬಹುದು. ನಡುವಿನ ಆ ಚೇತರಿಕೆಯನ್ನು ನಂಬಬಾರದು.

ಇಲಿಗೆ ಬೋನು ಇಡುವುದು ಹಳೆಯ ದಾರಿ, ನಾಯಿಯ ಮನೆಗೆ ಈಗಲೂ ಒಳ್ಳೆಯ ದಾರಿ.

ನೆಲ, ಗಿಡ, ಕಪ್ಪೆ

ನೆಲ ಒರೆಸಿದ ಫಿನಾಯಿಲ್ ಆರುವ ಮೊದಲೇ ನಾಯಿ ನಡೆದಾಡಿ ಪಂಜ ನೆಕ್ಕುತ್ತದೆ. ಹೇಳಿದಷ್ಟೇ ನೀರು ಬೆರೆಸಿ, ಆರುವವರೆಗೆ ನಾಯಿಯನ್ನು ಹೊರಗಿಡಿ. ಕಪಾಟಿನ ನುಸಿಗುಳಿಗೆ, ಜಿರಳೆಗೆ ಗೀರುವ ಸೀಮೆಸುಣ್ಣ, ಸೊಳ್ಳೆ ಓಡಿಸುವ ದ್ರವದ ಶೀಶೆ ಮರಿನಾಯಿಗೆ ಆಟದ ಸಾಮಾನು. ಅವು ಸೊಂಟದ ಎತ್ತರಕ್ಕಿಂತ ಮೇಲಿರಲಿ.

ಗಿಡಗಳಲ್ಲಿ ಕಣಗಿಲೆ ಎದೆಬಡಿತವನ್ನು ಕೆಡಿಸುತ್ತದೆ. ರುಚಿ ಕಹಿಯಾದ್ದರಿಂದ ನಾಯಿ ಸಾಮಾನ್ಯವಾಗಿ ತಿನ್ನುವುದಿಲ್ಲ. ಪೂಜೆಯ ಹೂವು ನೆನೆದ ನೀರು ಬಟ್ಟಲಲ್ಲಿ ಉಳಿಯದಂತೆ ನೋಡಿಕೊಂಡರೆ ಸಾಕು. ಗೌರಿಹೂವಿನ ಗಡ್ಡೆ, ಗುಲಗಂಜಿ ಬೀಜ, ಉಮ್ಮತ್ತಿಯ ಕಾಯಿ ಮೂರೂ ಕಡುವಿಷ, ಕಿತ್ತು ಎಸೆದದ್ದು ಅಂಗಳದಲ್ಲಿ ಬಿದ್ದಿರಬಾರದು. ಪೇಟೆಯ ಅಂದದ ತೋಟಗಳಲ್ಲಿ ನೆಡುವ ಸೈಕಸ್ ಗಿಡದ ಬಗ್ಗೆ ನಿಮ್ಮ ಮಗಳಿಗೆ ಹೇಳಿ. ಅದರ ಬೀಜ ಒಂದೆರಡು ತಿಂದರೂ ಯಕೃತ್ತು ಸೋಲಬಹುದು. ಮನಿ ಪ್ಲಾಂಟ್, ಕೆಸುವಿನ ಜಾತಿಯವು ಬಾಯಿ ಸುಟ್ಟು ಜೊಲ್ಲು ಸುರಿಸುತ್ತವೆ, ಪ್ರಾಣ ತೆಗೆಯುವುದು ಅಪರೂಪ.

ಮೊದಲ ಮಳೆಗೆ ಅಂಗಳಕ್ಕೆ ಬರುವ ಒರಟು ಮೈಯ ನೆಲಗಪ್ಪೆಯನ್ನು ನಾಯಿ ಕಚ್ಚಿದರೆ ಬಾಯಿತುಂಬ ನೊರೆ ಬರುತ್ತದೆ. ಕಪ್ಪೆಯ ಚರ್ಮದ ವಿಷವೇ ಕಾರಣ. ನಾಯಿಯ ತಲೆ ಕೆಳಗೆ ಬಾಗಿಸಿ, ನೀರು ಗಂಟಲಿಗೆ ಇಳಿಯದಂತೆ ಪಕ್ಕದಿಂದ ಹತ್ತು ನಿಮಿಷ ಬಾಯಿ ತೊಳೆಯಿರಿ, ಒಸಡನ್ನು ಬಟ್ಟೆಯಿಂದ ಒರೆಸಿ. ತೂರಾಟ, ನಡುಕ ಕಂಡರೆ ಆಸ್ಪತ್ರೆ.

ತಿಂದೇಬಿಟ್ಟರೆ

ಮೊದಲು ಉಳಿದದ್ದನ್ನು ನಾಯಿಯಿಂದ ದೂರ ಮಾಡಿ. ಎರಡನೆಯದಾಗಿ ಪೊಟ್ಟಣ, ಡಬ್ಬಿ, ಗಿಡದ ರೆಂಬೆ, ವಾಂತಿಯಲ್ಲಿ ಬಿದ್ದ ಚೂರು ಯಾವುದಿದೆಯೋ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಟ್ಟು, ಲೇಬಲ್ಲಿನ ಫೋಟೊ ತೆಗೆದುಕೊಳ್ಳಿ. ಮೂರನೆಯದಾಗಿ ಪಶುವೈದ್ಯರಿಗೆ ಫೋನು ಮಾಡಿ ನಾಲ್ಕು ಸಂಗತಿ ಹೇಳಿ: ಏನು, ಎಷ್ಟು, ಎಷ್ಟು ಹೊತ್ತಾಯಿತು, ನಾಯಿಯ ತೂಕ. ನಾಯಿ ಆರಾಮಾಗಿ ಬಾಲ ಅಲ್ಲಾಡಿಸುತ್ತಿದ್ದರೂ ಫೋನು ಮಾಡಿ. ಲಕ್ಷಣ ಕಾಣುವವರೆಗೆ ಕಾದರೆ ಹೊಟ್ಟೆಯಲ್ಲಿರುವುದು ರಕ್ತಕ್ಕೆ ಸೇರಿಬಿಡುತ್ತದೆ. ವಾಂತಿ ಮಾಡಿಸಿ ತೆಗೆಯಲು ಅನುಕೂಲವಿರುವುದು ಸಾಮಾನ್ಯವಾಗಿ ಮೊದಲ ಎರಡು ತಾಸು.

ಆ ವಾಂತಿಯನ್ನು ನೀವೇ ಮಾಡಿಸಲು ಹೋಗಬೇಡಿ. ಉಪ್ಪುನೀರು ಕುಡಿಸುವುದು ನಮ್ಮಲ್ಲಿ ಎಲ್ಲರಿಗೂ ತಿಳಿದ ಉಪಾಯ, ನಾಯಿಗೆ ಅದೇ ಎರಡನೆಯ ವಿಷ. ರಕ್ತದ ಸೋಡಿಯಂ ಏರಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಹುಣಸೆನೀರು ಕುಡಿಸುವುದೂ ಬೇಡ, ಹುಣಸೆಯ ಕಥೆ ಮೇಲೆಯೇ ಹೇಳಿದೆ. ಸೀಮೆಎಣ್ಣೆ, ಪೆಟ್ರೋಲ್, ಆಸಿಡ್, ಫಿನಾಯಿಲ್ ಕುಡಿದಿದ್ದರೆ ವಾಂತಿ ಮಾಡಿಸುವುದು ತಪ್ಪು: ಸುಟ್ಟ ಗಂಟಲು ಮತ್ತೊಮ್ಮೆ ಸುಡುತ್ತದೆ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನಡುಗುತ್ತಿರುವ, ಮಂಪರಿನಲ್ಲಿರುವ ನಾಯಿಯ ಬಾಯಿಗೆ ನೀರನ್ನೂ ಹಾಕಬಾರದು. ಹಾಲು ವಿಷವನ್ನು ಮುರಿಯುವುದಿಲ್ಲ. ವೈದ್ಯರು ಕೊಡುವ ಇದ್ದಿಲ ಪುಡಿ ವಿಷವನ್ನು ಹೀರಲೆಂದೇ ಸಂಸ್ಕರಿಸಿದ್ದು, ಒಲೆಯ ಇದ್ದಿಲು ಅದರ ಕೆಲಸ ಮಾಡದು. ಮೈಗೆ ಮದ್ದು ಚೆಲ್ಲಿಕೊಂಡಿದ್ದರೆ ಮಾತ್ರ ನೀವು ಕೂಡಲೇ ಮಾಡಬಹುದಾದ ಕೆಲಸವೊಂದಿದೆ: ಕೈಗವಸು ಹಾಕಿಕೊಂಡು ಪಾತ್ರೆ ತೊಳೆಯುವ ಸೋಪು, ಧಾರಾಳ ನೀರಿನಿಂದ ತೊಳೆಯುವುದು.

ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರ ನಂಬರು, ರಾತ್ರಿ ಹೊತ್ತು ಸಿಗುವ ಒಬ್ಬ ಖಾಸಗಿ ವೈದ್ಯರ ನಂಬರು, ಸಂಚಾರಿ ಪಶುಚಿಕಿತ್ಸೆಯ ಸಹಾಯವಾಣಿ 1962, ಈ ಮೂರನ್ನು ನಾಯಿಯ ತೂಕದ ಜೊತೆ ಗೋಡೆಗೆ ಅಂಟಿಸಿಡಿ. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜೂ ದೂರವಲ್ಲ. ಬೆಂಗಳೂರಿನವರಿಗೆ ಹೆಬ್ಬಾಳದ ಕಾಲೇಜಿದೆ. ಹೊರಡುವ ಮೊದಲು ಫೋನು ಮಾಡಿ ಆ ಹೊತ್ತಿನಲ್ಲಿ ಯಾರಿದ್ದಾರೆ ಎಂದು ತಿಳಿದುಕೊಂಡರೆ ಅಲೆದಾಟ ತಪ್ಪುತ್ತದೆ.

ಕೊನೆಯದಾಗಿ, ಪಕ್ಕದವರ ಜೊತೆ ಮಾತು. ತೋಟದ ಮನೆಯ ನಾಯಿ ಕಟ್ಟಿಹಾಕಿದಲ್ಲಿ ಇರುವುದಿಲ್ಲ, ನಾಲ್ಕು ತೋಟ ಸುತ್ತುತ್ತದೆ. ಬಸವನಹುಳುವಿಗೋ ಇಲಿಗೋ ಮದ್ದು ಇಡುವ ದಿನ ಸುತ್ತಲಿನವರಿಗೆ ಹೇಳುವುದು, ಅಷ್ಟು ದಿನ ಎಲ್ಲರೂ ನಾಯಿಗಳನ್ನು ಕಟ್ಟುವುದು, ಉಳಿದ ಮದ್ದನ್ನು ಎಣಿಸಿ ತೆಗೆಯುವುದು, ಇಷ್ಟು ಒಪ್ಪಂದವಾಗಲಿ. ಹಂದಿಗೆಂದು ಮಾಂಸಕ್ಕೋ ಹಣ್ಣಿಗೋ ವಿಷ ಹಚ್ಚಿಡುವುದು, ಕಾಟವೆಂದು ನಾಯಿಗೆ ವಿಷ ಹಾಕುವುದು ಬೇರೆಯೇ ಮಾತು. ವಿಷ ಹಾಕಿ ಪ್ರಾಣಿಯನ್ನು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಿದೆ. ಪಕ್ಕದ ತೋಟದವರಿಗೆ ಅಂಥ ಅನುಮಾನವಿದ್ದರೆ ಇನ್ನೊಮ್ಮೆ ಹಾಗಾದಾಗ ನಾಯಿಯನ್ನು ಕೂಡಲೇ ಹೂಳದೆ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ ಪೊಲೀಸರಿಗೆ ದೂರು ಕೊಡಲು ಹೇಳಿ. ಯಾವ ವಿಷವೆಂದು ಆಗ ಗೊತ್ತಾದರೆ, ಉಳಿದ ಮನೆಗಳ ನಾಯಿಗಳನ್ನು ಯಾವುದರಿಂದ ಕಾಯಬೇಕೆಂಬುದೂ ಗೊತ್ತಾಗುತ್ತದೆ.